ಕಲ್ಲಜ್ಜಿಯ ಪ್ರಶ್ನೆಗಳು

ಒಂದೇ ಮನೆಗೆ ಬಂದ ಇಬ್ಬರು ಸೊಸೆಯರು ಒಂದೇ ಅಡುಗೆಮನೆಯಲ್ಲಿ ಹೊಂದಿಕೊಂಡು ಹೋಗುವುದೇ ದೊಡ್ಡ ಮಾತು. ಈ ಓರಗಿತ್ತಿಯರ ಹಣೆಯಲ್ಲಿ ಅದರ ಜೊತೆಗೆ ಒಂದೇ ವಿಶ್ವವಿದ್ಯಾಲಯ, ಒಂದೇ ಭೂವಿಜ್ಞಾನ ವಿಭಾಗ, ಸ್ಟಾಫ್ ರೂಮಿನಲ್ಲಿ ಎದುರುಬದುರು ಮೇಜು ಕೂಡ ಬರೆದಿತ್ತು. ಮನೆಯಲ್ಲಿ ದೊಡ್ಡ ಸೊಸೆ, ಚಿಕ್ಕ ಸೊಸೆ. ವಿಭಾಗದಲ್ಲಿ ದೊಡ್ಡ ಮೇಡಂ, ಚಿಕ್ಕ ಮೇಡಂ. ಬೆಳಿಗ್ಗೆ ಗ್ಯಾಸ್ ಒಲೆಯ ಎರಡು ಬರ್ನರುಗಳ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತವರು ಹತ್ತು ಗಂಟೆಗೆ ಮತ್ತೆ ಒಬ್ಬರ ಮುಖ ಒಬ್ಬರು ನೋಡಬೇಕು.

ದೊಡ್ಡವಳು ಮೊದಲ ವರ್ಷದವರಿಗೆ ಕಲ್ಲುಗಳ ಪಾಠ ಮಾಡಲು ಹಿಡಿದು ಹದಿನೆಂಟು ವರ್ಷವಾಗಿತ್ತು. ಅದು ಅವಳ ಪ್ರಾಣ. ಮೊದಲ ದಿನ ಒಬ್ಬೊಬ್ಬರ ಕೈಗೂ ಒಂದೊಂದು ಕಲ್ಲು ಕೊಟ್ಟು, 'ಹೆಸರು ಆಮೇಲೆ, ಮೊದಲು ಪರಿಚಯ ಮಾಡ್ಕೊಳ್ಳಿ' ಎನ್ನುತ್ತಿದ್ದಳು. ಮಕ್ಕಳು ತೂಗಿ ನೋಡಬೇಕು, ಗೀರಿ ನೋಡಬೇಕು, ಮೂಸಬೇಕು, ಬೇಕಾದರೆ ನಾಲಿಗೆಗೂ ಹಚ್ಚಬೇಕು. ಕಾರಿಡಾರಿನ ಕೊನೆಗಿದ್ದ ಕಲ್ಲಿನ ಕೋಣೆಯ ಕೀಲಿಗೊಂಚಲು ಯಾವಾಗಲೂ ಅವಳ ಚೀಲದಲ್ಲೇ ಇರುತ್ತಿತ್ತು. ಆ ಕೋಣೆಯ ಮರದ ಸೆಳೆಖಾನೆಗಳಲ್ಲಿ ಯಾವ ಕಲ್ಲು ಎಲ್ಲಿ ಮಲಗಿದೆ ಎಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಗುಡಿಸುವವರು ಕೂಡ ಅವಳಿದ್ದಾಗಲೇ ಗುಡಿಸಬೇಕಿತ್ತು.

ಚಿಕ್ಕವಳು ಆ ಮನೆಗೂ ಆ ವಿಭಾಗಕ್ಕೂ ಬಂದದ್ದು ಮೂರು ವರ್ಷದ ಹಿಂದೆ. ಅವಳು ಓದಿದ್ದು ಉಪಗ್ರಹದ ಚಿತ್ರಗಳನ್ನು. ಆಕಾಶದಿಂದ ಭೂಮಿಯನ್ನು ನೋಡುವ ವಿದ್ಯೆ. ಬಂದ ಹೊಸದರಲ್ಲಿ ಒಂದೆರಡು ಸಲ ಕಲ್ಲಿನ ಕೋಣೆಯ ಬಾಗಿಲಲ್ಲಿ ನಿಂತು, 'ಅಕ್ಕಾ, ನನಗೂ ಒಂದಿನ ತೋರಿಸ್ತೀರಾ?' ಎಂದಿದ್ದಳು. 'ಟೈಮ್ ಆದಾಗ ನೋಡೋಣ' ಎಂದು ದೊಡ್ಡವಳು ಬೀಗ ಹಾಕಿದ್ದಳು. ಆ ಟೈಮು ಆಗಲಿಲ್ಲ. ಅವಳಿಗೂ ಪರೀಕ್ಷೆ, ಪೇಪರು, ಮನೆ ಎಂದು ನೂರೆಂಟು ತಾಪತ್ರಯ.

ಆಮೇಲೆ ಚಿಕ್ಕವಳ ಪೇಜ್ ಶುರುವಾಯಿತು. ತರಗತಿಯ ಪಾಠಕ್ಕೆ ಪೂರಕವಾಗಿ ಸೋಶಿಯಲ್ ಮೀಡಿಯಾ ಬಳಸಿ ಎಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂದಾಗ ಉಳಿದವರೆಲ್ಲ ಸಹಿ ಮಾಡಿ ಮರೆತರು. ಚಿಕ್ಕವಳು ಮಾತ್ರ ಫೋನ್ ಹಿಡಿದು ಬೀದಿಗೆ ಇಳಿದಳು. ಬಸ್ ನಿಲ್ದಾಣದ ಮೆಟ್ಟಿಲು, ಆಸ್ಪತ್ರೆಯ ನೆಲ, ಬ್ಯಾಂಕಿನ ಕೌಂಟರು, ಅಡುಗೆಮನೆಯ ಕಟ್ಟೆ ಎಲ್ಲದರ ಮುಂದೆ ನಿಂತು, 'ಇವತ್ತು ಬಸ್ಸಿಗೆ ಕಾಯ್ತಾ ಯಾರ ಮೇಲೆ ಕೂತಿದ್ರಿ ಗೊತ್ತಾ?' ಎಂದು ಶುರುಮಾಡುವಳು. ಎರಡೇ ನಿಮಿಷದ ವಿಡಿಯೋ. ಕೊನೆಗೊಂದು ಪ್ರಶ್ನೆ. ರಾತ್ರಿ ಊಟದ ಹೊತ್ತಿಗೆ ಕೆಳಗೆ ಮಕ್ಕಳ ಉತ್ತರಗಳು ಸಾಲುಗಟ್ಟಿರುತ್ತಿದ್ದವು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರೂ ಅಲ್ಲಿ ಪುಟಗಟ್ಟಲೆ ಬರೆಯುತ್ತಿದ್ದರು.

ದೊಡ್ಡವಳಿಗೆ ಮೊದಲ ಉರಿ ಹತ್ತಿದ್ದು ಅವಳದೇ ತರಗತಿಯಲ್ಲಿ. ತನ್ನ ಸೆಳೆಖಾನೆಯಿಂದ ಜೋಪಾನವಾಗಿ ತೆಗೆದ ಗುಲಾಬಿ ಗ್ರಾನೈಟನ್ನು ಎತ್ತಿ ಹಿಡಿದರೆ ಹಿಂದಿನ ಬೆಂಚಿನಿಂದ ಒಬ್ಬ, 'ಮೇಡಂ, ಇದು ಬಸ್ ಸ್ಟ್ಯಾಂಡ್ ಮೆಟ್ಟಿಲು ಅಲ್ವಾ?' ಎಂದ. ತರಗತಿಗೆ ತರಗತಿಯೇ ಖುಷಿಯಿಂದ ಹೌದೆಂದಿತು. ಉತ್ತರ ಸರಿಯಾಗಿಯೇ ಇತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ.

'ಫೋನಲ್ಲಿ ಕಲ್ಲು ನೆಕ್ಕೋಕಾಗತ್ತಾ?' ಎಂದು ವಿಭಾಗದ ಸಭೆಯಲ್ಲಿ ಕೇಳಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. ಚಿಕ್ಕವಳು ಕೂಡ ನಗುತ್ತಾ, 'ಅಕ್ಕ ಹೇಳೋದು ನಿಜ, ಅದೊಂದು ಆಗಲ್ಲ' ಎಂದಳು. ಹಾಗೆ ಒಪ್ಪಿಕೊಂಡದ್ದು ಇನ್ನಷ್ಟು ಮೈ ಉರಿಸಿತು. ಜಗಳಕ್ಕೆ ಬಾರದವರ ಜೊತೆ ಜಗಳ ಆಡುವುದು ಎಷ್ಟು ಕಷ್ಟ!

ಮನೆಯಲ್ಲಾದರೂ ನೆಮ್ಮದಿ ಉಂಟೇ? ಅಲ್ಲಿ ಅತ್ತೆ ಇದ್ದರು. ಕಿರಿಯ ಮಗ ತಾಯಿಗೊಂದು ಫೋನ್ ಕೊಡಿಸಿ, ಹೆಂಡತಿಯ ಪೇಜ್ ತೋರಿಸಿ, ಬಾಯಲ್ಲಿ ಹೇಳಿದ್ದನ್ನು ಅದೇ ಬರೆದುಕೊಳ್ಳುವಂತೆಯೂ ಮಾಡಿಕೊಟ್ಟಿದ್ದ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕನ್ನಡಕ ಏರಿಸಿಕೊಂಡು, ಫೋನನ್ನು ಹೊಟ್ಟೆಯ ಮೇಲೆ ನಿಲ್ಲಿಸಿಕೊಂಡು ಚಿಕ್ಕ ಸೊಸೆಯ ಕಲ್ಲುಗಳನ್ನು ನೋಡುವರು. 'ಎಷ್ಟು ಚಂದ ಮಾತಾಡ್ತಾಳೆ ನೋಡು' ಎಂದು ದೊಡ್ಡ ಸೊಸೆಗೇ ತೋರಿಸುವರು. ಹದಿನೆಂಟು ವರ್ಷದಲ್ಲಿ ಈ ಹೆಂಗಸು ಒಂದು ದಿನವಾದರೂ 'ನೀನು ಅಲ್ಲಿ ಏನು ಪಾಠ ಮಾಡ್ತೀಯೇ?' ಎಂದು ಕೇಳಿದ್ದುಂಟೇ? ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ! ಗಂಡನ ಹತ್ತಿರ ಹೇಳಿಕೊಂಡರೆ, 'ಅವಳು ಮಾಡ್ಲಿ ಬಿಡೇ, ನಿನಗೇನು ಕಷ್ಟ?' ಎಂದು ಮಗ್ಗುಲಾದ. ಗಂಡಸರಿಗೆ ಷಡ್ಡಕರಿರುತ್ತಾರೆ, ನಿಜ, ಆದರೆ ಅವರು ಒಂದೇ ಮನೆಯಲ್ಲಿ ಇರುವುದಿಲ್ಲವಲ್ಲ.

ಹೊಟ್ಟೆಕಿಚ್ಚು ಎಂಬುದನ್ನು ಅವಳು ತನ್ನೊಳಗೆ ಬೇರೆ ಬೇರೆ ಹೆಸರಿನಿಂದ ಕರೆದು ನೋಡಿದಳು. ಶಿಸ್ತು ಎಂದಳು. ವಿಷಯದ ಮೇಲಿನ ಗೌರವ ಎಂದಳು. ಕೊನೆಗೆ ಹೆಸರಿಡುವುದನ್ನೇ ಬಿಟ್ಟಳು, ಯಾಕೆಂದರೆ ಊಟ ಸೇರುತ್ತಿರಲಿಲ್ಲ. 'ಆ ಕಡೆ ತಲೆ ಹಾಕಿಯೂ ಮಲಗಲ್ಲ' ಎಂದು ಸಾರಿಕೊಂಡು ತಿರುಗಿದ್ದರಿಂದ ತಾನೇ ಒಂದು ಖಾತೆ ತೆರೆಯುವ ಹಾಗಿರಲಿಲ್ಲ. ಆದರೂ ಅವಳು ಪೇಜ್ ನೋಡುತ್ತಿದ್ದಳು. ಅತ್ತೆಯ ಫೋನಿನಲ್ಲಿ. ಮನೆ ಹತ್ತಿರವಿದ್ದುದರಿಂದ ಊಟಕ್ಕೆ ಮನೆಗೆ ಬರುತ್ತಿದ್ದಳು. ಅತ್ತೆಗೆ ಜೊಂಪು ಹತ್ತಿ ಫೋನ್ ಪಕ್ಕಕ್ಕೆ ಜಾರಿದೊಡನೆ ಮೆಲ್ಲಗೆ ಎತ್ತಿಕೊಂಡು ಕಿಟಕಿಯ ಹತ್ತಿರ ಕೂರುವಳು. ತಪ್ಪು ಹುಡುಕುವುದಕ್ಕೇ ನೋಡುವುದು.

ಒಂದು ದಿನ ತಪ್ಪು ಸಿಕ್ಕಿತು. ಗ್ರಂಥಾಲಯದ ಕಿಟಕಿಯ ಅಡಿಗಲ್ಲು. ಚಿಕ್ಕವಳು ಅದರ ಮೇಲೆ ಒಂದು ಹನಿ ಆಸಿಡ್ ಬಿಟ್ಟು, 'ನೊರೆ ಬರಲಿಲ್ಲ, ಅಂದ್ರೆ ಇದು ಸುಣ್ಣಕಲ್ಲಿನ ಬಳಗದ್ದಲ್ಲ' ಎಂದು ನಗುನಗುತ್ತಾ ಘೋಷಿಸಿಬಿಟ್ಟಿದ್ದಳು. ದೊಡ್ಡವಳ ಕಣ್ಣು ಅರಳಿತು. ಅದು ಡಾಲಮೈಟ್. ಸುಣ್ಣಕಲ್ಲಿನ ಖಾಸಾ ದಾಯಾದಿ. ಆಸಿಡ್ ಹಾಕಿದರೆ ಸುಮ್ಮನಿರುತ್ತದೆ, ಚೂರು ಕೆರೆದು ಪುಡಿ ಮಾಡಿ ಹಾಕಿದರೆ ಮಾತ್ರ ಬುಸುಗುಡುತ್ತದೆ. ಇದನ್ನು ಮೊದಲ ವರ್ಷದ ಮಕ್ಕಳಿಗೆ ಅವಳು ಮೂರನೆಯ ವಾರದಲ್ಲೇ ಹೇಳಿಕೊಡುತ್ತಿದ್ದಳು. ಅವಳ ಹೆಬ್ಬೆರಳು ತಾನಾಗಿ ಓಡಿತು: 'ಅಲ್ಲಮ್ಮಾ, ಒಂಚೂರು ಕೆರೆದು, ಆ ಪುಡಿ ಮೇಲೆ ಹಾಕಿ ನೋಡಿದೆಯಾ?' ಕಳಿಸಿದ ಮೇಲೆಯೇ ನೆನಪಾದದ್ದು, ಪ್ರಶ್ನೆಯ ಪಕ್ಕದಲ್ಲಿ ಅತ್ತೆಯ ಹೆಸರು, ಫೋಟೋ ಇವೆ ಎಂದು. ಇರಲಿ, ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ಅವಳು ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಚಿಕ್ಕವಳು ಸಂಜೆಯೇ ಅಡಿಗಲ್ಲನ್ನು ಕೆರೆದು, ಪುಡಿ ಬುಸುಗುಟ್ಟಿದ್ದನ್ನು ವಿಡಿಯೋ ಮಾಡಿ, 'ನಾನು ತಪ್ಪು ಹೇಳಿದ್ದೆ! ನನ್ನನ್ನ ತಿದ್ದಿದ್ದು ಯಾರು ಗೊತ್ತಾ? ನಮ್ಮತ್ತೆ!' ಎಂದು ಹಾಕಿದಳು. ಮೊದಲಿನದಕ್ಕೆ ಬಂದ ಹೃದಯದ ಗುರುತುಗಳ ಮೂರು ಪಟ್ಟು ಇದಕ್ಕೆ ಬಂದವು. ತಪ್ಪು ಒಪ್ಪಿಕೊಳ್ಳುವ ಮೇಡಂ ಎಂದು ಮಕ್ಕಳು ಕೊಂಡಾಡಿದರು. ಅತ್ತೆಗೆ 'ಕಲ್ಲಜ್ಜಿ' ಎಂದು ಹೆಸರಿಟ್ಟರು.

ಮನೆಗೆ ಬಂದವಳೇ ಚಿಕ್ಕವಳು ಚಪ್ಪಲಿ ಸರಿಯಾಗಿ ಬಿಡದೆ ಅತ್ತೆಯ ಕೋಣೆಗೆ ಓಡಿದಳು. 'ಅತ್ತೆ, ಅದು ನೀವೇ ಕೇಳಿದ್ದಾ? ನಿಜ ಹೇಳಿ.'

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ದೊಡ್ಡವಳ ಚಾಕು ನಿಂತಿತು. ಈಗ ಗುಟ್ಟು ರಟ್ಟಾಗುತ್ತದೆ, ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂದುಕೊಂಡಳು.

'ಹೂಂ ಮತ್ತೆ?' ಎಂದಿತು ಅತ್ತೆಯ ದನಿ, ಗಂಭೀರವಾಗಿ. 'ಸುಮ್ನೆ ಬಾಯಿ ಬಿಟ್ಕೊಂಡು ನೋಡ್ತೀನಿ ಅಂದ್ಕೊಂಡ್ಯಾ ನನ್ನ?'

ಮಾರನೆಯ ಮಧ್ಯಾಹ್ನ ದೊಡ್ಡವಳು ಊಟಕ್ಕೆ ಬಂದಾಗ ಅತ್ತೆ ಮಲಗಿದ್ದರು. ಫೋನ್ ಮಾತ್ರ ಮಂಚದ ಅಂಚಿನಲ್ಲಿ ಅವಳ ಕೈಗೆಟಕುವಂತೆ ಇತ್ತು. ಅದನ್ನು ಎತ್ತಿಕೊಂಡಾಗ ಕಣ್ಣು ಬಿಡದೆಯೇ ಅತ್ತೆ ಕೇಳಿದರು, 'ಇವತ್ತು ಏನು ಕೇಳ್ತೀನಿ ನಾನು?'

ದೊಡ್ಡವಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆದರೆ ಅತ್ತೆಯ ಮುಖದಲ್ಲಿ ಬೈಗುಳ ಇರಲಿಲ್ಲ. ಎಂಬತ್ತರ ಹತ್ತಿರದಲ್ಲಿ ಹೊಸದಾಗಿ ಹೆಸರು ಬಂದವರ ಆಸೆ ಇತ್ತು. 'ಚೆನ್ನಾಗಿರೋದೇ ಕೇಳು. ನಿನ್ನೆ ಎಷ್ಟೊಂದು ಜನ ನನಗೆ ಕೈ ಮುಗಿದಿದಾರೆ' ಎಂದು ಮಗ್ಗುಲಾದರು.

ಹಾಗೆ ಅದು ದಿನಚರಿಯಾಯಿತು. ದೊಡ್ಡವಳು ಕಲ್ಲಜ್ಜಿಯ ಬಾಯಿಂದ ಹುಡುಕಿ ಹುಡುಕಿ ಪ್ರಶ್ನೆ ಹಾಕುವಳು. ಚಿಕ್ಕವಳು ಎಡವಲಿ ಎಂದೇ ಹಾಕುವುದು. ಒಂದೊಂದು ಪ್ರಶ್ನೆಗೂ ಚಿಕ್ಕವಳು ಪುಸ್ತಕ ತಿರುವಿ, ಬಿಸಿಲಲ್ಲಿ ಅಲೆದು, ಮೊದಲಿಗಿಂತ ಒಳ್ಳೆಯ ವಿಡಿಯೋ ಮಾಡುವಳು. ಪೇಜ್ ದಿನೇದಿನೇ ಬೆಳೆಯಿತು. ಬೇರೆ ಊರುಗಳ ಕಾಲೇಜಿನವರೂ ಸೇರಿಕೊಂಡರು. ಉರಿಯುವ ಒಲೆಗೆ ನೀರು ಹಾಕುತ್ತೇನೆಂದು ಹೋದವಳು ಕೊಡಗಟ್ಟಲೆ ಎಣ್ಣೆ ಸುರಿಯುತ್ತಿದ್ದಳು, ಅದು ಗೊತ್ತಿದ್ದೂ ನಿಲ್ಲಿಸಲಾಗುತ್ತಿರಲಿಲ್ಲ. ಯಾಕೆಂದರೆ ದಿನವಿಡೀ ಅವಳ ಕಲ್ಲಿನ ಮಾತಿಗೆ ಯಾರಾದರೂ ಅಷ್ಟೊಂದು ಮೈಯೆಲ್ಲ ಕಿವಿಯಾಗಿ ಉತ್ತರ ಕೊಡುತ್ತಿದ್ದರೆ ಅದು ಅಲ್ಲಿ ಮಾತ್ರ.

ಸೆಮಿಸ್ಟರ್ ಮುಗಿಯಲು ಬಂದಾಗ ವಿಭಾಗದ ಮುಖ್ಯಸ್ಥರು ದೊಡ್ಡವಳನ್ನು ಕರೆದರು. ಅವರು ಗಾಳಿ ಬಂದತ್ತ ತೂರಿಕೊಳ್ಳುವ ಸಜ್ಜನರು. 'ಬನ್ನಿ ಮೇಡಂ, ಕೂತ್ಕೊಳ್ಳಿ' ಎಂದು ಪೀಠಿಕೆ ಹಾಕಿ ವಿಷಯಕ್ಕೆ ಬಂದರು. ಚಿಕ್ಕ ಮೇಡಂ ಪೇಜನ್ನು ಮಾದರಿಯಾಗಿ ಎಲ್ಲ ವಿಭಾಗಗಳಿಗೂ ತೋರಿಸುವ ಯೋಚನೆ ಇದೆ, ಪರಿಶೀಲನೆಗೆ ಸಮಿತಿಯೊಂದು ಬರುತ್ತದೆ, ಅವರಿಗೆ ಒಪ್ಪಿಗೆಯಾದರೆ ಬರುವ ವರ್ಷದಿಂದ ಮೊದಲ ವರ್ಷದ ಪಾಠ ಚಿಕ್ಕ ಮೇಡಂಗೆ. 'ನೀವು ಹಿರಿಯರು, ಕೊನೇ ವರ್ಷದವರನ್ನ ತಗೊಳ್ಳಿ. ಸ್ವಲ್ಪ ಹಗುರ ಆಗತ್ತೆ' ಎಂದರು. ಬಾಗಿಲವರೆಗೆ ಬಂದವಳನ್ನು ಮತ್ತೆ ಕರೆದು, 'ಹಾಂ, ನಿಮ್ಮತ್ತೆಯವರನ್ನ ಮರೀದೆ ಕರ್ಕೊಂಡು ಬನ್ನಿ. ಕಲ್ಲಜ್ಜಿ ಬಂದ್ರೆ ಸಮಿತಿಯವರು ಬಿದ್ದೇ ಹೋಗ್ತಾರೆ' ಎಂದರು.

ಅವಳು ನೇರ ಕಲ್ಲಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಅತ್ತಳು. ಮೊದಲ ವರ್ಷದ ಮಕ್ಕಳ ಕೈಗೆ ಮೊದಲ ಕಲ್ಲು ಇಡುವವಳು ಇನ್ನು ತಾನಲ್ಲ. ಅದನ್ನು ಕಸಿದುಕೊಟ್ಟದ್ದು ಯಾರು? ತಾನೇ. ಪ್ರಶ್ನೆ ಪ್ರಶ್ನೆಯಾಗಿ, ದಿನಕ್ಕೊಂದರಂತೆ, ತನ್ನ ಹೆಬ್ಬೆರಳಿನಿಂದಲೇ. ಹೇಳಿಕೊಳ್ಳುವ ಹಾಗೂ ಇಲ್ಲ. ಹೇಳಿದರೆ ಹದಿನೆಂಟು ವರ್ಷದ ಮೇಡಂ ಅತ್ತೆಯ ಫೋನ್ ಕದ್ದು ಓರಗಿತ್ತಿಯ ಕಾಲೆಳೆಯುತ್ತಿದ್ದಳೆಂದು ಊರಿಗೇ ಗೊತ್ತಾಗುತ್ತದೆ.

ಅತ್ತೆಯಾದರೂ ಬರುವುದಿಲ್ಲ ಎನ್ನಬಹುದೆಂಬ ಸಣ್ಣ ಆಸೆ ಇತ್ತು. ಅವರು ಆಗಲೇ ಯಾವ ಬಟ್ಟೆ ಉಡುವುದೆಂದು ಹುಡುಕುತ್ತಿದ್ದರು.

'ಆದ್ರೆ ಒಂದು ಕೇಳು' ಎಂದರು, ಚಿಕ್ಕವಳು ಮನೆಯಲ್ಲಿಲ್ಲದ ಹೊತ್ತು ನೋಡಿ. 'ಅಲ್ಲಿ ಯಾರಾದ್ರೂ ಕಲ್ಲು ಕೈಗೆ ಕೊಟ್ಟು ಏನಿದು ಅಂದ್ರೆ ನಾನು ಕಣ್ಣು ಕಣ್ಣು ಬಿಡಬೇಕಾಗತ್ತೆ. ನನ್ನ ಮಾನಾನೂ ಹೋಗತ್ತೆ, ನಿನ್ನದೂ ಹೋಗತ್ತೆ. ಕಲಿಸು.'

ಹೀಗೆ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಪಾಠ ಶುರುವಾಯಿತು. ಮೊದಲ ದಿನವೇ ದೊಡ್ಡವಳಿಗೆ ಕೆಟ್ಟ ಯೋಚನೆ ಬಂದಿತ್ತು. ಒಂದೆರಡು ಕಲ್ಲುಗಳ ಹೆಸರು ತಪ್ಪು ಹೇಳಿಕೊಟ್ಟರೆ ಸಾಕು, ಸಮಿತಿಯ ಮುಂದೆ ಪೇಜಿನ ಬಣ್ಣ ಬಯಲಾಗುತ್ತದೆ. ಬೆಣಚುಕಲ್ಲನ್ನು ಎತ್ತಿಕೊಂಡು ಬಾಯಿ ತೆರೆದಳು. ಬಂದದ್ದು ಬೆಣಚುಕಲ್ಲೆಂದೇ. ಕಲ್ಲಿಗೆ ಸುಳ್ಳು ಹೆಸರು ಹೇಳಲು ಅವಳ ನಾಲಿಗೆ ಹೊರಳಲಿಲ್ಲ. ಅದು ಅವಳಿಗೇ ಬೇಸರ ತರಿಸಿತು.

ಅತ್ತೆ ಒಳ್ಳೆಯ ಶಿಷ್ಯೆ. ಇಡೀ ಆಯುಷ್ಯ ಕಾಳು ಆರಿಸಿದ ಬೆರಳುಗಳು, ಕಣ್ಣಿಗಿಂತ ಚುರುಕು. ಒರಟು ಯಾವುದು, ಜಿಡ್ಡು ಯಾವುದು, ಕೈಗೆ ತಣ್ಣಗೆ ಹತ್ತುವುದು ಯಾವುದು ಎಂದು ಥಟ್ಟನೆ ಹೇಳುವರು. ಒಂದು ಮಧ್ಯಾಹ್ನ ಗ್ರಾನೈಟಿನ ತುಂಡನ್ನು ಹೊರಳಿಸುತ್ತಾ, 'ಇಷ್ಟು ವರ್ಷ ನೀನು ಇದನ್ನೇ ಮಾಡ್ತಿದ್ಯಾ? ಒಂದಿನಾನೂ ಹೇಳ್ಲಿಲ್ವಲ್ಲೇ?' ಎಂದರು.

'ನೀವು ಒಂದಿನಾನೂ ಕೇಳ್ಲಿಲ್ವಲ್ಲ ಅತ್ತೆ.'

'ಅವಳನ್ನೂ ನಾನೇನು ಕೇಳಿರ್ಲಿಲ್ಲ. ಅವಳೇ ತಂದು ತೋರಿಸಿದ್ಲು.'

ದೊಡ್ಡವಳು ಪತ್ರಿಕೆ ಮಡಚಿದಳು. ಆ ಮಾತು ಇಡೀ ದಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅವಳನ್ನು ಕಾಡಿತು.

ಸುಳ್ಳು ಹೇಳಲಾಗದಿದ್ದರೇನು, ಹೊಟ್ಟೆಕಿಚ್ಚಿಗೆ ದಾರಿ ಒಂದೇ ಇರುತ್ತದೆಯೇ? ಕೊನೆಯ ಪಾಠಕ್ಕೆ ಅವಳು ಎರಡು ಕಂದು ಕಲ್ಲು ತಂದಳು. ನೋಡಲು ಅವಳಿಜವಳಿ. ಒಂದು ಜೇಡಿಗಲ್ಲು, ಇನ್ನೊಂದು ಹೂಳುಗಲ್ಲು. ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಚೂರು ಮುರಿದು ಮುಂದಿನ ಹಲ್ಲಲ್ಲಿ ಕಡಿಯಬೇಕು. ಜೇಡಿಗಲ್ಲು ನುಣ್ಣಗೆ ಕರಗುತ್ತದೆ, ಹೂಳುಗಲ್ಲು ಕರಕರ ಎನ್ನುತ್ತದೆ. ಕಲ್ಲಿನವರೆಲ್ಲ ಮಾಡುವುದು ಹೀಗೆಯೇ. ಆದರೆ ಇದು ಯಾವ ವಿಡಿಯೋದಲ್ಲೂ ಇರಲಿಲ್ಲ. ಇಲ್ಲ ಎಂಬುದು ದೊಡ್ಡವಳಿಗೆ ಚೆನ್ನಾಗಿ ಗೊತ್ತಿತ್ತು, ಅವಳು ಒಂದನ್ನೂ ಬಿಟ್ಟಿರಲಿಲ್ಲವಲ್ಲ. ಅತ್ತೆ ಉಳಿದ ಹಲ್ಲುಗಳಲ್ಲಿ ಕಡಿದು ಮಗುವಿನಂತೆ ನಕ್ಕರು. ಸಮಿತಿಯವರ ಮುಂದಿಡಲು ಕಲ್ಲಿನ ಕೋಣೆಯಿಂದ ಒಂದು ತಟ್ಟೆ ಕಲ್ಲು ಜೋಡಿಸಿ ಕೊಡಿ ಎಂದು ಮುಖ್ಯಸ್ಥರು ಕೇಳಿದಾಗ ಅವಳು ಹೂಳುಗಲ್ಲನ್ನು ನಡುಮಧ್ಯೆ ಇಟ್ಟಳು. ಎಲ್ಲ ಸುಲಭದ್ದೇ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸಭಾಂಗಣ ತುಂಬಿತ್ತು. ಸಮಿತಿಯಲ್ಲಿ ಮೂವರು: ಇಬ್ಬರು ಗಂಡಸರು, ಸಣ್ಣ ಕನ್ನಡಕದ ಒಬ್ಬ ಹಿರಿಯ ಮೇಡಂ. ಪರದೆಯ ಮೇಲೆ ಚಿಕ್ಕವಳು ತನ್ನ ಪೇಜ್ ತೋರಿಸಿದಳು. ದನಿ ಮೊದಮೊದಲು ನಡುಗುತ್ತಿತ್ತು, ಆಮೇಲೆ ಸರಿಹೋಯಿತು. ಮಾತನಾಡಲು ಹೆದರುತ್ತಿದ್ದ ಮಕ್ಕಳು ಹೇಗೆ ಬರೆಯತೊಡಗಿದರು, ಬೀದಿಯ ಕಲ್ಲು ಹೇಗೆ ಪಾಠವಾಯಿತು ಎಂದೆಲ್ಲ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದ ದೊಡ್ಡವಳಿಗೆ ಪ್ರತಿಯೊಂದು ಚಪ್ಪಾಳೆಯೂ ತನ್ನ ಬೆನ್ನಿಗೆ ಬಿದ್ದಂತಾಗುತ್ತಿತ್ತು.

'ಈಗ ಕಲ್ಲಜ್ಜಿ' ಎಂದು ಚಿಕ್ಕವಳು ಅತ್ತೆಯ ಕೈ ಹಿಡಿದು ವೇದಿಕೆಗೆ ಕರೆತಂದಳು. ಮಕ್ಕಳು ಶಿಳ್ಳೆ ಹೊಡೆದರು. ಹಿರಿಯ ಮೇಡಂ ತಟ್ಟೆಯ ಮೇಲೆ ಕೈಯಾಡಿಸಿ ಒಂದನ್ನು ಎತ್ತಿಕೊಟ್ಟರು. ಗ್ರಾನೈಟ್. ಅತ್ತೆ ಹೇಳಿದರು. ಇನ್ನೊಂದು. ಅದನ್ನೂ ಹೇಳಿದರು. ಮೂರನೆಯದು ನಡುವಿನ ಕಂದು ಕಲ್ಲು.

ಅತ್ತೆ ಅದರ ಅಂಚಿನಿಂದ ಉಗುರಲ್ಲಿ ಚೂರು ಎಬ್ಬಿಸಿ ಬಾಯಿಗೆ ಹಾಕಿಕೊಂಡರು. ಸಭೆ ಹೋ ಎಂದಿತು. ಅವರು ಕಣ್ಣು ಮುಚ್ಚಿ, ಊಟಕ್ಕೆ ಉಪ್ಪು ಸರಿಯಿದೆಯೇ ನೋಡುವವರಂತೆ ಕಡಿದು, 'ಕರಕರ ಅಂತಿದೆ. ಜೇಡಿ ಅಲ್ಲ, ಹೂಳುಗಲ್ಲು' ಎಂದರು.

ಹಿರಿಯ ಮೇಡಂ ತಟ್ಟೆಯಲ್ಲಿದ್ದ ಚೀಟಿ ನೋಡಿ ತಲೆದೂಗಿದರು. 'ಅದ್ಭುತ ಅಜ್ಜಿ! ಇದನ್ನ ಯಾವ ವಿಡಿಯೋದಲ್ಲಿ ಕಲಿತ್ರಿ?'

ದೊಡ್ಡವಳು ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

'ವಿಡಿಯೋದಲ್ಲಿ ಹಲ್ಲು ಎಲ್ಲಿ ಬರತ್ತಮ್ಮಾ?' ಎಂದರು ಅತ್ತೆ. 'ಕಲ್ಲು ಕಲಿಸಿದ್ದು ನಮ್ಮ ದೊಡ್ಡವಳು. ಅಗೋ, ಬಾಗಿಲ ಹತ್ರ ಕೂತಿದಾಳಲ್ಲ, ಅವಳು. ಚಿಕ್ಕವಳ ವಿಡಿಯೋನೂ ಚಂದ. ಮಧ್ಯಾಹ್ನ ಹಾಕ್ಕೊಂಡು ಮಲಗಿದ್ರೆ ಒಳ್ಳೇ ನಿದ್ದೆ ಬರತ್ತೆ.'

ನಗುವಿಗೆ ಛಾವಣಿ ಹಾರಿಹೋಗಬೇಕು. ಸಮಿತಿಯ ಗಂಡಸರು ಮೇಜು ಕುಟ್ಟಿ ನಕ್ಕರು. ಯಾರೋ ದೊಡ್ಡವಳನ್ನು ಎಬ್ಬಿಸಿ ನಿಲ್ಲಿಸಿದರು. ಇಡೀ ಸಭಾಂಗಣ ತಿರುಗಿ ಅವಳಿಗೆ ಚಪ್ಪಾಳೆ ತಟ್ಟಿತು. ಒಂದು ವರ್ಷದಿಂದ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಫಕ್ಕನೆ ಆರಿ ಮೈಯೆಲ್ಲ ತಂಪಾಯಿತು. ಸುಳ್ಳೇಕೆ, ಅವಳಿಗೆ ಬಹಳ ಸಂತೋಷವಾಯಿತು. ಹೊರಗೆ ಬರುವಾಗ ಮುಖ್ಯಸ್ಥರು ಪಕ್ಕಕ್ಕೆ ಕರೆದು, 'ಮೊದಲ ವರ್ಷ ನಿಮ್ಮ ಹತ್ರಾನೇ ಇರ್ಲಿ ಬಿಡಿ ಮೇಡಂ. ಕೈಯಲ್ಲಿ ಹಿಡಿದು ಕಲಿಸೋದೇ ಬೇರೆ ಅಂತ ಸಮಿತಿಯವರೂ ಅಂದ್ರು' ಎಂದರು. ಗಾಳಿ ತಿರುಗಿತ್ತು.

ಆಗ ಅವಳ ಕಣ್ಣು ವೇದಿಕೆಯ ಕಡೆ ಹೋಯಿತು. ಚಿಕ್ಕವಳು ಒಬ್ಬಳೇ ನಿಂತು ಪರದೆಯ ವೈರು ಸುತ್ತುತ್ತಿದ್ದಳು. ಮುಖದಲ್ಲಿ ನಗು ಹಾಗೇ ಉಳಿದಿತ್ತು, ತೆಗೆಯಲು ಮರೆತವಳಂತೆ. ಸುತ್ತಿದ ವೈರನ್ನೇ ಬಿಚ್ಚಿ ಮತ್ತೆ ಸುತ್ತಿದಳು.

ಮನೆಗೆ ನಡೆದು ಬರುವಾಗ ಅತ್ತೆಯೊಬ್ಬರದೇ ಮಾತು. ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಎರಡು ಬರ್ನರುಗಳ ಮುಂದೆ ನಿಂತರು. 'ಅಕ್ಕ, ಉಪ್ಪು ಕೊಡಿ' ಎನ್ನುವವಳು ಇವತ್ತು ತಾನೇ ಕೈಚಾಚಿ ತೆಗೆದುಕೊಂಡಳು.

'ಅತ್ತೆ ಏನೋ ತಮಾಷೆಗೆ ಅಂದ್ರು' ಎಂದಳು ದೊಡ್ಡವಳು. 'ಮನಸ್ಸಿಗೆ ಹಚ್ಕೋಬೇಡ.'

ಚಿಕ್ಕವಳು ಒಲೆ ಸಣ್ಣ ಮಾಡಿದಳು. 'ಆ ತಟ್ಟೆ ಜೋಡಿಸಿದ್ದು ನೀವೇ ಅಲ್ವಾ?'

ದೊಡ್ಡವಳು ತನ್ನ ಪಾತ್ರೆಯ ಮುಚ್ಚಳ ಸರಿಮಾಡಿದಳು.

'ಪ್ರಶ್ನೆಗಳೂ ನಿಮ್ಮದೇ. ವೇದಿಕೆ ಮೇಲೆ ನಿಂತಾಗ ಗೊತ್ತಾಯ್ತು. ಕೆರೆದು ಪುಡಿ ಮಾಡೋದು ಅತ್ತೆಗೆ ಎಲ್ಲಿಂದ ಬರ್ಬೇಕು?' ಚಿಕ್ಕವಳ ದನಿ ಏರಲಿಲ್ಲ. 'ಅದಕ್ಕೆ ಬೇಜಾರಿಲ್ಲ. ಆ ಪ್ರಶ್ನೆಗಳಿಂದ ನಾನು ಎಷ್ಟೋ ಕಲಿತೆ. ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ಅತ್ತೆಗೆ ದಿನಾ ಮಧ್ಯಾಹ್ನ ಕೂರಿಸ್ಕೊಂಡು ಹೇಳಿಕೊಟ್ಟಿದೀರಿ. ನಾನು ಬಂದ ಹೊಸದ್ರಲ್ಲಿ ಎಷ್ಟು ಸಲ ಕೇಳಿದೆ, ಒಂದಿನ ತೋರಿಸಿ ಅಂತ? ಟೈಮ್ ಇಲ್ಲ ಅಂದ್ರಿ. ನಾನು ಬೀದೀಲಿ ಯಾಕೆ ಕಲ್ಲು ಹುಡುಕ್ಕೊಂಡು ಅಲೆದೆ ಅಂದ್ಕೊಂಡ್ರಿ? ಸ್ಟೈಲಿಗಾ? ನೀವು ಕೋಣೆ ತೆಗೀಲಿಲ್ಲ, ಅದಕ್ಕೆ.'

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ದೊಡ್ಡವಳು ಅದನ್ನೇ ನೋಡುತ್ತಾ ನಿಂತಳು. ತಾನು ಒಂದು ವರ್ಷದಿಂದ ಉರಿದಿದ್ದಳು. ಈ ಹುಡುಗಿ ಮೂರು ವರ್ಷದಿಂದ, ಬೀಗ ಹಾಕಿದ ಬಾಗಿಲ ಹೊರಗೆ ನಿಂತು, ಸದ್ದಿಲ್ಲದೆ ಉರಿದಿದ್ದಳು. ಅಸೂಯೆಪಡುವಂಥದ್ದು ತನ್ನ ಹತ್ತಿರವೂ ಇದೆ ಎಂದು ದೊಡ್ಡವಳಿಗೆ ಒಂದು ದಿನವೂ ತೋಚಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಒಳಗೇ ಎಲ್ಲೋ ಸಣ್ಣಗೆ ಹೆಮ್ಮೆಯೂ ಆಯಿತು.

ಅವಳು ಹೋಗಿ ತನ್ನ ಚೀಲ ತಂದಳು. ಕೀಲಿಗೊಂಚಲನ್ನು ಕಟ್ಟೆಯ ಮೇಲೆ ಚಿಕ್ಕವಳ ಕಡೆಗೆ ಇಟ್ಟಳು. ಚಿಕ್ಕವಳು ಮುಟ್ಟಲಿಲ್ಲ. ಆಮೇಲೆ ಚೀಲದ ತಳದಿಂದ ಎರಡು ಕಂದು ಕಲ್ಲು ತೆಗೆದು, ಒಂದರಿಂದ ಚೂರು ಮುರಿದು ಕೈ ಚಾಚಿದಳು.

'ಹಲ್ಲಿಗೆ ಹಚ್ಚು.'

ಚಿಕ್ಕವಳು ಒದ್ದೆ ಕೈ ಒರೆಸಿಕೊಂಡಳು. ಆಮೇಲೆ ತೆಗೆದುಕೊಂಡು ಬಾಯಿಗೆ ಹಾಕಿ ಕಡಿದಳು. ಮುಖ ಹಿಂಡಿದಳು. 'ಮರಳು ಮರಳು.'

'ಈಗ ಇದು.'

'ನುಣ್ಣಗಿದೆ... ಅರೆ, ಕರಗೇ ಹೋಯ್ತಲ್ಲ ಅಕ್ಕಾ!' ಕಣ್ಣು ಅರಳಿತು. ಮರುಗಳಿಗೆಯೇ ಅವಳು ಅನುಮಾನದಿಂದ ನೋಡಿದಳು. 'ಇದನ್ನ ಪೇಜಿಗೆ ಹಾಕ್ಬಹುದಾ?'

ದೊಡ್ಡವಳ ಹೊಟ್ಟೆಯಲ್ಲಿ ಒಂದು ಕಿಡಿ ಚುರುಕ್ಕೆಂದಿತು. ಅಷ್ಟು ಬೇಗ ಎಲ್ಲಿ ಆರುತ್ತದೆ! 'ಹಾಕು' ಎಂದಳು. 'ಕೈ ನನ್ನದು ಕಾಣ್ಲಿ.'

ಅಷ್ಟರಲ್ಲಿ ಬಾಗಿಲಲ್ಲಿ ಕನ್ನಡಕ ಏರಿಸಿಕೊಂಡು ಅತ್ತೆ ನಿಂತಿದ್ದರು. ಇಬ್ಬರ ಬಾಯನ್ನೂ ನೋಡಿದರು, ಕಟ್ಟೆಯ ಮೇಲಿನ ಕಲ್ಲುಗಳನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

'ಅದು ನನಗೆ ಹೇಳಿಕೊಟ್ಟ ಪಾಠ ಕಣೇ' ಎಂದರು. 'ಅವಳಿಗ್ಯಾಕೆ ಹೇಳಿಕೊಟ್ಟೆ?'